ಗಡಿನಾಡಿನ ಮನೆಖರ್ಚು ಮತ್ತು ನಾವು ಓದದೆ ಸಹಿ ಹಾಕುವ ಕಾಗದಗಳು

ಮಾನ್ಯ ಸಂಪಾದಕರಿಗೆ ವಂದನೆಗಳು.

ಬೆಲೆಯೇರಿಕೆಯ ಸುದ್ದಿ ಬಂದಾಗಲೆಲ್ಲ ಅದರ ಹಿಂದೆಯೇ ಖರ್ಚು ತಗ್ಗಿಸುವ ಸಲಹೆಗಳೂ ಪತ್ರಿಕೆಗಳಲ್ಲಿ ಬರುತ್ತವೆ. ಹೊರಗಿನ ತಿಂಡಿ ಕಡಿಮೆ ಮಾಡಿ, ಪೇಟೆಗೆ ಹೋಗುವ ಮೊದಲು ಸಾಮಾನಿನ ಚೀಟಿ ಬರೆದುಕೊಳ್ಳಿ, ಅಗತ್ಯವಿಲ್ಲದ ಬಟ್ಟೆ ಕೊಳ್ಳಬೇಡಿ ಎಂಬ ಸಲಹೆಗಳು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯ ಸುತ್ತಮುತ್ತಲಿನ ಕನ್ನಡ ಮನೆಗಳಲ್ಲಿ ಹಣ ಹೇಗೆ ಬರುತ್ತದೆ, ಹೇಗೆ ಹೋಗುತ್ತದೆ ಎಂಬುದನ್ನು ಬಹಳ ವರ್ಷ ಹತ್ತಿರದಿಂದ ನೋಡಿದವಳಾಗಿ, ಈ ಸಲಹೆಗಳು ನಮ್ಮ ಮನೆಗಳ ನಿಜವಾದ ಸೋರಿಕೆಯನ್ನು ಮುಟ್ಟುತ್ತಿಲ್ಲವೆಂದು ನನಗೆ ದೃಢವಾಗಿ ಅನಿಸಿದೆ. ಅದನ್ನು ತಮ್ಮ ಓದುಗರ ಮುಂದಿಡಲು ಈ ಪತ್ರ ಬರೆಯುತ್ತಿದ್ದೇನೆ. ಪತ್ರ ಸ್ವಲ್ಪ ದೀರ್ಘವಾಗಿದೆ, ದಯವಿಟ್ಟು ಪೂರ್ತಿ ಪ್ರಕಟಿಸಬೇಕಾಗಿ ವಿನಂತಿ.

ಅಂಚೆ ಕಚೇರಿಯ ಆವರ್ತಕ ಠೇವಣಿಯ ಕಂತನ್ನು, ಅಂದರೆ ನಮ್ಮೂರಲ್ಲಿ ಎಲ್ಲರೂ ಆರ್‌ಡಿ ಎಂದೇ ಹೇಳುವ ಹಣವನ್ನು, ಮನೆಮನೆಗೆ ಹೋಗಿ ಸಂಗ್ರಹಿಸುವ ಮಹಿಳಾ ಏಜೆಂಟಳಾಗಿ ನಾನು ಕೆಲಸ ಮಾಡಿದ್ದೆ. ಈಗ ಆ ಕೆಲಸ ಬಿಟ್ಟಿರುವುದರಿಂದ ಇಲ್ಲಿ ಆರ್‌ಡಿಯ ಬಗ್ಗೆ ಏನು ಬರೆದರೂ ಅದರಿಂದ ನನಗೆ ಲಾಭವಿಲ್ಲ. ಬೀಡಿ ಕಟ್ಟುವವರು, ನಾಲ್ಕು ಅಡಿಕೆ ಮರ ಇರುವವರು, ರಿಕ್ಷಾ ಓಡಿಸುವವರು, ಶಾಲೆಯ ಮಾಸ್ತರರು, ಮಗ ಗಲ್ಫಿನಲ್ಲಿರುವ ತಾಯಂದಿರು, ಹೀಗೆ ಎಲ್ಲ ಬಗೆಯ ಮನೆಗಳ ಜಗಲಿಯಲ್ಲಿ ಕುಳಿತು ಪಾಸ್ ಪುಸ್ತಕ ತುಂಬಿಸಿದ್ದೇನೆ. ಈ ಮನೆಗಳಲ್ಲಿ ಉಳಿತಾಯ ನಿಂತದ್ದು ದುಂದುಗಾರಿಕೆಯಿಂದ ಎಂದು ಹೇಳಲು ನನ್ನಿಂದ ಸಾಧ್ಯವಿಲ್ಲ. "ಅಕ್ಕ, ಈ ತಿಂಗಳು ಆರ್‌ಡಿಗೆ ಇಲ್ಲ, ಬೇರೆ ಕಂತು ಕಟ್ಟಲಿಕ್ಕುಂಟು" ಎಂಬ ಮಾತಿನಿಂದಲೇ ಬಹುತೇಕ ಖಾತೆಗಳು ನಿಂತವು. ಉಳಿತಾಯದ ಕಂತನ್ನು ತಿಂದದ್ದು ಸಾಲದ ಕಂತು. ಆ ಸಾಲಕ್ಕೆ ಒಟ್ಟು ಎಷ್ಟು ಬಡ್ಡಿ ಎಂದು ಕೇಳಿದರೆ ಹೇಳಬಲ್ಲವರು ಬಹಳ ವಿರಳವಾಗಿದ್ದರು, ಏಕೆಂದರೆ ಅದರ ಕಾಗದ ಕನ್ನಡದಲ್ಲಿ ಇರಲಿಲ್ಲ.

ನಮ್ಮ ಅಡುಗೆಮನೆಯಲ್ಲಿ ಇನ್ನು ತಗ್ಗಿಸುವಂಥದ್ದು ಹೆಚ್ಚೇನೂ ಉಳಿದಿಲ್ಲ. ಬೇಸಗೆಯಲ್ಲಿ ಹಲಸಿನ ಹಪ್ಪಳ ಒಣಗಿಸಿ, ಸೊಳೆಯನ್ನು ಉಪ್ಪಿಗೆ ಹಾಕಿ, ಬೇಯಿಸಿದ ಹಲಸಿನ ಬೀಜವನ್ನು ಒಣಗಿಸಿ ಸಾಂತಾಣಿ ಮಾಡಿಟ್ಟು ಮಳೆಗಾಲದ ಆಟಿ ತಿಂಗಳನ್ನು ದಾಟಿಸಿದ ಹೆಂಗಸರಿಗೆ ಮಿತವ್ಯಯ ಕಲಿಸಬೇಕಾಗಿಲ್ಲ. ಹಿತ್ತಿಲಲ್ಲಿ ಬಸಳೆ, ತೊಂಡೆ, ಕೆಸು, ಮುಂಡಿ ಇರುವ ಮನೆ ಈಗಲೂ ತರಕಾರಿಗೆ ಹೆಚ್ಚು ಖರ್ಚು ಮಾಡುವುದಿಲ್ಲ. ಸರಕಾರದ ಮಾವೇಲಿ ಸ್ಟೋರಿನಲ್ಲಿ ಸಬ್ಸಿಡಿ ಸಾಮಾನು ಬಂದ ದಿನ ಅಲ್ಲಿಗೆ ಹೋಗುವುದು, ರೇಶನ್ ಕಾರ್ಡಿಗೆ ಸಿಗುವ ಅಕ್ಕಿಯನ್ನು ಬಿಡದೆ ತರುವುದು, ತೆಂಗಿನೆಣ್ಣೆಯ ಬೆಲೆ ಏರಿದಾಗ ಒಗ್ಗರಣೆಯ ಎಣ್ಣೆಯನ್ನು ಅರ್ಧ ಮಾಡುವುದು, ಇವನ್ನೆಲ್ಲ ಯಾರೂ ಹೇಳದೆಯೇ ನಮ್ಮವರು ಮಾಡುತ್ತಾರೆ. ಮನೆಯ ಖರ್ಚು ಮೀರಿದಾಗ ಮೊದಲ ಕತ್ತರಿ ಬೀಳುವುದೂ ಇಲ್ಲಿಗೇ, ಅದೂ ಹೆಂಗಸರ ಬಟ್ಟಲಿಗೆ. ಮಕ್ಕಳ ಹಾಲನ್ನೂ ಹಿರಿಯರ ಹಣ್ಣನ್ನೂ ನಿಲ್ಲಿಸಿ ಫೋನಿನ ಕಂತು ಕಟ್ಟುವುದನ್ನು ಉಳಿತಾಯವೆಂದು ಕರೆಯುವುದು ಅನ್ಯಾಯ.

ಹಾಗಾದರೆ ಹಣ ಹೋಗುವುದೆಲ್ಲಿಗೆ? ತಿಂಗಳಿಗೆ 25,000 ರೂಪಾಯಿ ಬರುವ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಮಗನ ಬೈಕಿನ ಕಂತು, ಫೋನಿನ ಕಂತು, ಗುಂಪು ಸಾಲದ ವಾರದ ಕಂತು, ಅಡವಿಟ್ಟ ಚಿನ್ನದ ಬಡ್ಡಿ, ಊರಿನ ಚಿಟ್ಟಿ (ಚಿಟ್ ಫಂಡ್), ಇಷ್ಟು ಸೇರಿದರೆ ಅರ್ಧಕ್ಕಿಂತ ಹೆಚ್ಚು ಹಣ ಮನೆಯೊಳಗೆ ಬರುವ ಮೊದಲೇ ಹೋಗಿರುತ್ತದೆ. ಕಿರುಸಾಲದ ವಿಷಯದಲ್ಲಿ ರಿಸರ್ವ್ ಬ್ಯಾಂಕ್ 2022ರಲ್ಲಿ ಒಂದು ಮಿತಿ ಹಾಕಿದೆ. ವರ್ಷಕ್ಕೆ 3 ಲಕ್ಷ ರೂಪಾಯಿಯವರೆಗೆ ಆದಾಯವಿರುವ ಕುಟುಂಬಕ್ಕೆ ಅಡಮಾನವಿಲ್ಲದೆ ಕೊಡುವುದನ್ನು ಕಿರುಸಾಲವೆಂದು ಕರೆಯುತ್ತಾರೆ. ಆ ಕುಟುಂಬ ತಿಂಗಳಿಗೆ ಕಟ್ಟಬೇಕಾದ ಎಲ್ಲ ಸಾಲಗಳ ಕಂತುಗಳನ್ನು ಕೂಡಿಸಿದರೆ ತಿಂಗಳ ಆದಾಯದ ಅರ್ಧವನ್ನು ಮೀರಬಾರದು. ನಮ್ಮ ಕಲ್ಪನೆಯ ಮನೆಗೆ ಈ ಮಿತಿ 12,500 ರೂಪಾಯಿ. ಕಂತು ಕಟ್ಟುತ್ತಿರುವ ಯಾವ ಹೆಂಗಸಿನ ಬಾಯಿಂದಲೂ ಈ ನಿಯಮದ ಮಾತನ್ನು ನಾನು ಕೇಳಿಲ್ಲ. ಗೊತ್ತಿದ್ದರೆ ಮೂರನೆಯ ಗುಂಪಿನ ಸಾಲಕ್ಕೆ ಸಹಿ ಹಾಕುವ ಮೊದಲು ಅವರು ಒಂದು ಪ್ರಶ್ನೆಯನ್ನಾದರೂ ಕೇಳುತ್ತಿದ್ದರು.

ಬಡ್ಡಿಯ ಲೆಕ್ಕವನ್ನೂ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಅತಿ ಹೆಚ್ಚು ಹಣ ಕಾಣದಂತೆ ಹೋಗುವುದು ಇಲ್ಲಿಯೇ. 1 ಲಕ್ಷ ರೂಪಾಯಿ ಸಾಲ, 2 ವರ್ಷ, ಶೇ. 10 ಬಡ್ಡಿ ಎಂದು ಹೇಳುತ್ತಾರೆ. ವರ್ಷಕ್ಕೆ 10,000ದಂತೆ 20,000 ರೂಪಾಯಿ ಬಡ್ಡಿ ಸೇರಿಸಿ, 1,20,000ವನ್ನು 24ರಿಂದ ಭಾಗಿಸಿ, ತಿಂಗಳಿಗೆ 5,000 ರೂಪಾಯಿಯ ಕಂತು ಮಾಡುತ್ತಾರೆ. ಕೇಳಲು ಸರಿಯಾಗಿಯೇ ಇದೆ. ಆದರೆ ಒಂದು ವರ್ಷ ಕಳೆಯುವಾಗ ಅಸಲಿನ ಹತ್ತಿರ ಹತ್ತಿರ ಅರ್ಧವನ್ನು ನಾವು ಹಿಂದಿರುಗಿಸಿ ಆಗಿರುತ್ತದೆ. ಬಡ್ಡಿಯನ್ನು ಮಾತ್ರ ಕೊನೆಯ ತಿಂಗಳವರೆಗೂ ಪೂರ್ತಿ 1 ಲಕ್ಷದ ಮೇಲೆಯೇ ಕೊಡುತ್ತಿರುತ್ತೇವೆ. ಉಳಿದ ಅಸಲಿನ ಮೇಲೆ ಮಾತ್ರ ಬಡ್ಡಿ ಹಾಕುವ ಬ್ಯಾಂಕಿನ ಕ್ರಮದಲ್ಲಿ ಲೆಕ್ಕ ಹಾಕಿದರೆ ಇದೇ ಸಾಲದ ಬಡ್ಡಿ ಸುಮಾರು ಶೇ. 18 ಆಗುತ್ತದೆ. ಸಾಲ ಕೊಡುವಾಗಲೇ ಹಿಡಿದುಕೊಳ್ಳುವ ಸೇವಾ ಶುಲ್ಕವನ್ನೂ ವಿಮೆಯ ಹಣವನ್ನೂ ಸೇರಿಸಿದರೆ ಇನ್ನೂ ಮೇಲೆ ಹೋಗುತ್ತದೆ. ಅಂಗಡಿಯಲ್ಲಿ ಫೋನು, ಫ್ರಿಜ್ಜುಗಳಿಗೆ ಬಡ್ಡಿಯಿಲ್ಲದ ಕಂತು ಎಂದು ಬರೆದಿಡುವುದೂ ಹೀಗೆಯೇ; ಶೂನ್ಯ ಬಡ್ಡಿ ಎಂಬುದು ನಿಜದಲ್ಲಿ ಇಲ್ಲವೆಂದು ರಿಸರ್ವ್ ಬ್ಯಾಂಕ್ 2013ರಲ್ಲಿಯೇ ಬ್ಯಾಂಕುಗಳಿಗೆ ಬರೆದು ತಿಳಿಸಿತ್ತು. ಶುಲ್ಕದ ರೂಪದಲ್ಲಿಯೋ, ರೊಕ್ಕ ಕೊಟ್ಟು ಕೊಂಡರೆ ಸಿಗುತ್ತಿದ್ದ ರಿಯಾಯಿತಿ ತಪ್ಪಿಹೋಗುವ ಮೂಲಕವೋ ಆ ಬಡ್ಡಿಯನ್ನು ನಾವು ಕೊಟ್ಟೇ ಕೊಡುತ್ತೇವೆ.

ಇನ್ನು ಭಾಷೆಯ ವಿಷಯ. ನಮ್ಮಲ್ಲಿ ಮಲಯಾಳ ಮಾತನಾಡಬಲ್ಲವರು ಎಲ್ಲ ಮನೆಗಳಲ್ಲಿಯೂ ಇದ್ದಾರೆ. ಆದರೆ ಕನ್ನಡ ಮಾಧ್ಯಮದಲ್ಲಿ ಕಲಿತ, ಈಗ ಮನೆಯ ಯಜಮಾನಿಕೆ ನಡೆಸುತ್ತಿರುವ ತಲೆಮಾರಿನವರಲ್ಲಿ ಮಲಯಾಳದ ಕಾನೂನು ಪತ್ರವನ್ನು ಸರಾಗವಾಗಿ ಓದಬಲ್ಲವರು ಕಡಿಮೆ, ಇಂಗ್ಲಿಷಿನ ಸಣ್ಣ ಅಕ್ಷರದ ಕರಾರನ್ನು ಓದಬಲ್ಲವರು ಅದಕ್ಕಿಂತಲೂ ಕಡಿಮೆ. ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಕನ್ನಡದಲ್ಲಿ ಓದುವ ಹೆಂಗಸು ಸಾಲದ ಕಾಗದದ ಮುಂದೆ ಕುಳಿತಾಗ ಅಕ್ಷರ ಬಾರದವಳಂತೆ, ಬೆರಳಿಟ್ಟು ತೋರಿಸಿದಲ್ಲಿ ಸಹಿ ಹಾಕುತ್ತಾಳೆ. ಇದನ್ನು ನೋಡಿದಾಗಲೆಲ್ಲ ನನಗೆ ಬಹಳ ನೋವಾಗಿದೆ.

ಹೀಗಾಗಬೇಕಾದ ಅಗತ್ಯವೇ ಇಲ್ಲ. ಸಾಲ ಪಡೆಯುವವರೊಡನೆ ವ್ಯವಹರಿಸುವಾಗ ಸ್ಥಳೀಯ ಭಾಷೆಯನ್ನು ಅಥವಾ ಅವರಿಗೆ ಅರ್ಥವಾಗುವ ಭಾಷೆಯನ್ನು ಬಳಸಬೇಕೆಂಬುದು ಹಣಕಾಸು ಕಂಪೆನಿಗಳಿಗೆ ರಿಸರ್ವ್ ಬ್ಯಾಂಕ್ ಹಾಕಿಕೊಟ್ಟ ನ್ಯಾಯಯುತ ವ್ಯವಹಾರದ ಸಂಹಿತೆಯಲ್ಲಿಯೇ ಇದೆ. ಅದಕ್ಕಿಂತಲೂ ಮುಖ್ಯವಾದ ಇನ್ನೊಂದು ನಿಯಮ 2024ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿದೆ. ಬ್ಯಾಂಕಾಗಲಿ, ಹಣಕಾಸು ಕಂಪೆನಿಯಾಗಲಿ, ಸಾಮಾನ್ಯ ಜನರಿಗೆ ಹೊಸ ಸಾಲ ಕೊಡುವ ಮೊದಲು ಮುಖ್ಯ ವಿವರಗಳ ಒಂದು ಪತ್ರವನ್ನು ಕೊಡಬೇಕು. ಎಲ್ಲ ಶುಲ್ಕಗಳನ್ನು ಸೇರಿಸಿದ ವಾರ್ಷಿಕ ದರ, ಕಂತುಗಳ ಪಟ್ಟಿ, ಸಾಲ ಕೊಡುವವರು ಬೇರೆಯವರ ಪರವಾಗಿ ವಸೂಲು ಮಾಡುವ ವಿಮೆ ಮೊದಲಾದ ಹಣ, ಎಲ್ಲವೂ ಅದರಲ್ಲಿರಬೇಕು. ಅದರಲ್ಲಿ ನಮೂದಿಸದ ಶುಲ್ಕವನ್ನು ಸಾಲಗಾರನ ಸ್ಪಷ್ಟ ಒಪ್ಪಿಗೆಯಿಲ್ಲದೆ ಆಮೇಲೆ ವಸೂಲು ಮಾಡುವಂತಿಲ್ಲ. ಆ ಪತ್ರ ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿಯೇ ಇರಬೇಕು. ಬದಿಯಡ್ಕದಲ್ಲಿಯೋ ಉಪ್ಪಳದಲ್ಲಿಯೋ ಸಾಲ ಕೇಳುವ ಕನ್ನಡಿಗನಿಗೆ ಅರ್ಥವಾಗುವ ಭಾಷೆ ಕನ್ನಡ. "ಈ ಪತ್ರವನ್ನು ಕನ್ನಡದಲ್ಲಿ ಕೊಡಿ, ಮನೆಗೆ ಒಯ್ದು ಓದಿ ನಾಳೆ ಬರುತ್ತೇನೆ" ಎಂದು ಕೇಳುವುದು ನಮ್ಮ ಹಕ್ಕು. ಒಂದು ದಿನ ಕಾಯಲು ಒಪ್ಪದೆ ಈಗಲೇ ಸಹಿ ಹಾಕಿ ಎಂದು ಅವಸರಪಡಿಸುವ ಸಾಲ ಬೇಡವೆಂದು ಎದ್ದುಬಂದರೆ ಅದೇ ದೊಡ್ಡ ಉಳಿತಾಯ. ಸರಕಾರಿ ಕಚೇರಿಗಳ ಬಗ್ಗೆಯೂ ಹೇಳುವುದಾದರೆ, ಕೇರಳದ 1969ರ ಆಡಳಿತ ಭಾಷಾ ಕಾನೂನು ಕನ್ನಡ ಅಲ್ಪಸಂಖ್ಯಾತರಿಗೆ ತಮ್ಮ ಪ್ರದೇಶದ ರಾಜ್ಯ ಸರಕಾರಿ ಕಚೇರಿಗಳೊಡನೆ ಕನ್ನಡದಲ್ಲಿ ಪತ್ರವ್ಯವಹಾರ ಮಾಡುವ ಮತ್ತು ಕನ್ನಡದಲ್ಲಿಯೇ ಉತ್ತರ ಪಡೆಯುವ ಅವಕಾಶವನ್ನು ಕೊಟ್ಟಿದೆ. ಆ ಅವಕಾಶವನ್ನು ಸಭೆ ಸಮಾರಂಭಗಳಲ್ಲಿ ನೆನಪಿಸಿಕೊಳ್ಳುವಷ್ಟು ನಾವು ಮನೆಯ ಲೆಕ್ಕಕ್ಕಾಗಿ ಬಳಸಿಕೊಂಡಿಲ್ಲ.

ಓದದೆ ಕಟ್ಟುವ ಇನ್ನೊಂದು ಕಾಗದವೆಂದರೆ ವಿದ್ಯುತ್ ಬಿಲ್ಲು. ಕೇರಳದಲ್ಲಿ ಮನೆಗಳ ಬಿಲ್ಲು ಸಾಮಾನ್ಯವಾಗಿ ಎರಡು ತಿಂಗಳಿಗೊಮ್ಮೆ ಬರುತ್ತದೆ. ತಿಂಗಳಿಗೆ 250 ಯೂನಿಟ್, ಅಂದರೆ ಒಂದು ಬಿಲ್ಲಿಗೆ 500 ಯೂನಿಟ್‌ವರೆಗೆ ದರವು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಮೊದಲ ಯೂನಿಟ್ಟುಗಳಿಗೆ ಕಡಿಮೆ ದರವೇ ಇರುತ್ತದೆ. 500 ದಾಟಿದ ಕೂಡಲೇ ಆ ಮೆಟ್ಟಿಲುಗಳು ಇಲ್ಲವಾಗಿ, ಮೊದಲ ಯೂನಿಟ್ಟಿನಿಂದ ಕೊನೆಯ ಯೂನಿಟ್ಟಿನವರೆಗೆ ಎಲ್ಲಕ್ಕೂ ಒಂದೇ ದರ ಬೀಳುತ್ತದೆ. 495 ಯೂನಿಟ್ ಉರಿಸಿದ ಮನೆಗೂ 510 ಯೂನಿಟ್ ಉರಿಸಿದ ಮನೆಗೂ ಬಿಲ್ಲಿನಲ್ಲಿ ಕಾಣುವ ವ್ಯತ್ಯಾಸ ಹದಿನೈದು ಯೂನಿಟ್ಟಿನ ಬೆಲೆಗಿಂತ ಎಷ್ಟೋ ಹೆಚ್ಚಾಗಿರುವುದು ಈ ಕಾರಣದಿಂದ. ಮೀಟರ್ ನೋಡಲು ಬಂದವರೊಡನೆ ಜಗಳವಾಡಿ ಪ್ರಯೋಜನವಿಲ್ಲ. ತಿಂಗಳ ಮಧ್ಯದಲ್ಲೊಮ್ಮೆ ಮೀಟರಿನ ಅಂಕೆಯನ್ನು ನಾವೇ ಬರೆದಿಟ್ಟುಕೊಂಡರೆ ಬಿಲ್ಲು ಬರುವ ಮೊದಲೇ ಎಚ್ಚರವಹಿಸಬಹುದು.

ಈ ಎಚ್ಚರಕ್ಕೆ ಫ್ಯಾನು ಒಳ್ಳೆಯ ಉದಾಹರಣೆ. ಹಳೆಯ ಸೀಲಿಂಗ್ ಫ್ಯಾನ್ ಸುಮಾರು 75 ವಾಟ್ ಎಳೆಯುತ್ತದೆ, ಈಗಿನ ಬಿಎಲ್‌ಡಿಸಿ ಫ್ಯಾನ್ ಸುಮಾರು 30 ವಾಟ್. ನಾಲ್ಕು ಫ್ಯಾನುಗಳು ದಿನಕ್ಕೆ ಹನ್ನೆರಡು ಗಂಟೆ ತಿರುಗುವ ಮನೆಯಲ್ಲಿ ಹಳೆಯವು 3.6 ಯೂನಿಟ್, ಹೊಸವು 1.44 ಯೂನಿಟ್ ತೆಗೆದುಕೊಳ್ಳುತ್ತವೆ. ಅರುವತ್ತು ದಿನದ ಬಿಲ್ಲಿನಲ್ಲಿ ಈ ವ್ಯತ್ಯಾಸ ಸುಮಾರು 130 ಯೂನಿಟ್. 600ರಲ್ಲಿದ್ದ ಮನೆ 470ಕ್ಕೆ ಇಳಿದು ಮೆಟ್ಟಿಲಿನ ದರದೊಳಗೆ ಬರುತ್ತದೆ. ನಾಲ್ಕನ್ನೂ ಒಟ್ಟಿಗೆ ಬದಲಾಯಿಸಲು, ಅದಕ್ಕಾಗಿ ಮತ್ತೊಂದು ಕಂತಿಗೆ ಸಹಿ ಹಾಕಲು ಹೋಗಬಾರದು. ರಾತ್ರಿಯಿಡೀ ತಿರುಗುವ ಮಲಗುವ ಕೋಣೆಯ ಫ್ಯಾನು ಮೊದಲು, ಮುಂದಿನದು ಆ ಉಳಿಕೆಯಿಂದ. ಬಚ್ಚಲಿನಲ್ಲಿ 2,000 ವಾಟಿನ ಗೀಸರ್ ಒಂದು ಗಂಟೆ ಉರಿದರೆ 2 ಯೂನಿಟ್. ತೋಟದಲ್ಲಿ ಅಡಿಕೆ ಸಿಪ್ಪೆ, ತೆಂಗಿನ ಮಡಲು, ಕೊತ್ತಳಿಗೆ ಕೊಳೆಯುತ್ತಿರುವಾಗ ಹಂಡೆಯ ಒಲೆಯನ್ನು ಕಿತ್ತುಹಾಕಿದ ಮನೆಗಳನ್ನು ಕಂಡಾಗ ನನಗೆ ಬೇಸರವಾಗುತ್ತದೆ.

ಫೋನಿನ ರೀಚಾರ್ಜು ಸಣ್ಣ ವಿಷಯವಾಗಿ ಕಾಣುತ್ತದೆ, ಆದರೆ ಮನೆಯಲ್ಲಿ ನಾಲ್ಕೈದು ಫೋನುಗಳಿರುವಾಗ ಅದು ಸಣ್ಣದಲ್ಲ. 28 ದಿನಗಳ ಪ್ಯಾಕ್ ಹಾಕಿಸುವವರು ವರ್ಷಕ್ಕೆ ಹನ್ನೆರಡು ಬಾರಿಯ ಬದಲು ಹದಿಮೂರು ಬಾರಿ ದುಡ್ಡು ಕೊಡುತ್ತಾರೆ. ಪ್ರತಿ ಕಂಪೆನಿಯೂ 30 ದಿನಗಳ ಒಂದು ಪ್ಯಾಕನ್ನಾದರೂ ಇಡಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2022ರಲ್ಲಿ ಆದೇಶಿಸಿತು; ಇಂಟರ್‌ನೆಟ್ ಬೇಡದವರಿಗಾಗಿ ಮಾತು ಮತ್ತು ಎಸ್ಸೆಮ್ಮೆಸ್ ಮಾತ್ರ ಇರುವ ಪ್ಯಾಕ್ ಕೊಡಬೇಕೆಂದು 2024ರ ಡಿಸೆಂಬರಿನಲ್ಲಿ ಹೇಳಿತು. ಕೀಪ್ಯಾಡ್ ಫೋನಿನಲ್ಲಿ ಮಗಳ ಕರೆಗೆ ಕಾಯುವ ಅಜ್ಜಿಗೆ ದಿನಕ್ಕೆ ಒಂದೂವರೆ ಜಿಬಿಯ ಪ್ಯಾಕ್ ಹಾಕಿಸುವುದು ಏಕೆ? ಅಂಗಡಿಯವರು ತಾವಾಗಿ ಹೇಳುವುದಿಲ್ಲ, ನಾವು ಕೇಳಬೇಕು.

ಪೆಟ್ರೋಲ್ ಕರ್ನಾಟಕದಲ್ಲಿ ಅಗ್ಗವೆಂದು ಗಡಿಯ ತಲಪಾಡಿ ದಾಟಿ ಹೋಗುವವರಿದ್ದಾರೆ. ಮಂಗಳೂರಿಗೆ ಹೇಗೂ ಹೋಗುವ ಕೆಲಸವಿದ್ದರೆ ಅಲ್ಲಿ ತುಂಬಿಸಿಕೊಂಡು ಬರುವುದು ಸರಿ. ಅದಕ್ಕೆಂದೇ ಹೋದರೆ ಉಳಿದದ್ದು ದಾರಿಯಲ್ಲಿಯೇ ಉರಿದುಹೋಗುತ್ತದೆ. ಮಂಗಳೂರಿಗೆ ದಿನವೂ ಹೋಗಿ ಬರುವ ವಿದ್ಯಾರ್ಥಿಗಳೂ ಕೆಲಸದವರೂ ರೈಲು ನಿಲ್ದಾಣ ಹತ್ತಿರವಿದ್ದರೆ ಸೀಸನ್ ಟಿಕೆಟ್ ಮಾಡಿಸಿಕೊಳ್ಳುವುದು ಬಸ್ಸಿಗಿಂತಲೂ ಬೈಕಿಗಿಂತಲೂ ಬಹಳ ಅಗ್ಗ.

ಔಷಧಿಯ ವಿಷಯದಲ್ಲಿ ಒಂದು ಎಚ್ಚರಿಕೆ ಹೇಳದೆ ಮುಂದೆ ಹೋಗಲಾರೆ. ಖರ್ಚು ತಗ್ಗಿಸಲೆಂದು ಸಕ್ಕರೆ ಕಾಯಿಲೆಯ, ರಕ್ತದೊತ್ತಡದ ಮಾತ್ರೆಯನ್ನು ದಿನ ಬಿಟ್ಟು ದಿನ ತಿನ್ನುವವರನ್ನು ನಾನು ಕಂಡಿದ್ದೇನೆ. ಅದು ಬೇಡ. ಈ ಕಾಯಿಲೆಗಳ ತಪಾಸಣೆಯೂ ಮಾತ್ರೆಗಳೂ ನಮ್ಮ ಪಂಚಾಯತಿನ ಕುಟುಂಬ ಆರೋಗ್ಯ ಕೇಂದ್ರಗಳಲ್ಲಿ ಸಿಗುತ್ತವೆ. ಹೊರಗೆ ಕೊಳ್ಳಬೇಕಾಗಿ ಬಂದರೂ ಅದೇ ಔಷಧವನ್ನು ಜನೌಷಧಿ ಕೇಂದ್ರದಲ್ಲಿಯೋ ಸಹಕಾರಿ ವಲಯದ ನೀತಿ ಮೆಡಿಕಲ್ಸ್‌ನಲ್ಲಿಯೋ ಕೇಳಿ ನೋಡಬೇಕು. ತಿಂಗಳ ಸಾಮಾನ್ಯ ತಪಾಸಣೆಗೂ ಮಂಗಳೂರಿಗೆ ಕಾರು ಮಾಡಿಕೊಂಡು ಹೋಗುವ ಅಭ್ಯಾಸವನ್ನು ಬಿಟ್ಟರೆ, ಅಲ್ಲಿಗೆ ಹೋಗಲೇಬೇಕಾದ ದಿನಕ್ಕೆ ಕೈಯಲ್ಲಿ ಹಣವಿರುತ್ತದೆ.

ಉಳಿತಾಯದ ಮಾತಿಗೆ ಬರುತ್ತೇನೆ. ತಿಂಗಳ ಸಂಬಳದವರಿಗಾಗಿ ಬರೆದ ಸಲಹೆಗಳು ನಮ್ಮಲ್ಲಿ ಹಲವರಿಗೆ ಹೊಂದುವುದಿಲ್ಲ. ಅಡಿಕೆ ಕೊಯ್ದು, ಅಂಗಳದಲ್ಲಿ ಒಂದೂವರೆ ತಿಂಗಳು ಒಣಗಿಸಿ, ಸುಲಿದು, ದರ ನೋಡಿ ಮಾರುವವರ ಕೈಗೆ ಹಣ ಬರುವುದು ವರ್ಷದಲ್ಲಿ ಒಂದೆರಡು ಬಾರಿ. ಕೊಳೆರೋಗವೋ ಎಲೆಚುಕ್ಕೆ ರೋಗವೋ ಬಂದ ವರ್ಷ ಅದೂ ಅರ್ಧ. ಅಡಿಕೆ ಮಾರಿದ ವಾರ ಮನೆಯಲ್ಲಿ ಎಲ್ಲವೂ ಅಗತ್ಯವೆನಿಸುತ್ತದೆ, ಮಳೆಗಾಲದ ನಡುವೆ ಅಡಿಕೆಗೆ ಸಿಂಪಡಿಸುವ ಮೈಲುತುತ್ತಿಗೂ ಸಾಲ ಮಾಡಬೇಕಾಗುತ್ತದೆ. ಇಂತಹ ಮನೆಗಳಿಗೆ ಅಂಚೆ ಆರ್‌ಡಿಯಲ್ಲಿ ಬಹಳ ಜನ ಬಳಸದ ಒಂದು ಅನುಕೂಲವಿದೆ. ಹನ್ನೆರಡು ತಿಂಗಳ ಕಂತನ್ನು ಒಟ್ಟಿಗೆ ಮುಂಗಡವಾಗಿ ಕಟ್ಟಿದರೆ ಪ್ರತಿ 100 ರೂಪಾಯಿಯ ಕಂತಿಗೆ 40 ರೂಪಾಯಿ, ಆರು ತಿಂಗಳದ್ದನ್ನು ಕಟ್ಟಿದರೆ 10 ರೂಪಾಯಿ ರಿಯಾಯಿತಿ ಸಿಗುತ್ತದೆ. 1,000 ರೂಪಾಯಿಯ ಆರ್‌ಡಿ ಇರುವವರು ಅಡಿಕೆ ಮಾರಿದ ದಿನ 12,000ದ ಬದಲು 11,600 ಕಟ್ಟಿ ಒಂದು ವರ್ಷ ನಿಶ್ಚಿಂತೆಯಿಂದ ಇರಬಹುದು. ತಿಂಗಳಿಗೆ 1,000ದಂತೆ ಐದು ವರ್ಷ ಕಟ್ಟಿದ 60,000, 2023ರ ಅಕ್ಟೋಬರಿನಲ್ಲಿ ನಿಗದಿಯಾದ ಶೇ. 6.7ರ ದರದಲ್ಲಿ, ಸುಮಾರು 71,300 ರೂಪಾಯಿಯಾಗುತ್ತದೆ. ಹನ್ನೆರಡು ಕಂತು ಕಟ್ಟಿ ಒಂದು ವರ್ಷವಾದ ಮೇಲೆ ಕಟ್ಟಿದ್ದರ ಅರ್ಧದವರೆಗೆ ಅದರ ಮೇಲೆಯೇ ಸಾಲ ಸಿಗುತ್ತದೆ. ಬಡ್ಡಿ ಆರ್‌ಡಿಯ ದರಕ್ಕಿಂತ ಶೇ. 2 ಮಾತ್ರ ಹೆಚ್ಚು. ಮೈಲುತುತ್ತಿಗೂ ಶಾಲೆಯ ಫೀಸಿಗೂ ನೂರಕ್ಕೆ ತಿಂಗಳಿಗೆ ಐದೋ ಹತ್ತೋ ಬಡ್ಡಿ ಕೀಳುವ ಬ್ಲೇಡಿನವರ ಮನೆ ಬಾಗಿಲಿಗೆ ಹೋಗುವ ಮೊದಲು ಇದನ್ನು ನೆನಪಿಡಬೇಕು.

ದಿನಗೂಲಿಯವರಿಗೆ ಕೇರಳದ ಮಹಿಳಾ ಸ್ವಸಹಾಯ ಯೋಜನೆಯಾದ ಕುಟುಂಬಶ್ರೀ ಘಟಕದ ವಾರದ ಉಳಿತಾಯವೇ ಸರಿಯಾದ ದಾರಿ ಎಂಬುದು ನನ್ನ ಅನುಭವ. 1998ರಲ್ಲಿ ಆರಂಭವಾದ ಈ ವ್ಯವಸ್ಥೆಯಲ್ಲಿ ನೆರೆಕರೆಯ ಹೆಂಗಸರೇ ಒಟ್ಟುಗೂಡಿಸಿದ ಹಣವನ್ನು ತಮ್ಮೊಳಗೇ ಸಾಲವಾಗಿ ಕೊಟ್ಟುಕೊಳ್ಳುತ್ತಾರೆ; ಲೆಕ್ಕ ಎಲ್ಲರ ಕಣ್ಣೆದುರೇ ಇರುತ್ತದೆ. ಚಿಟ್ಟಿಯನ್ನು ನಾನು ವಿರೋಧಿಸುವುದಿಲ್ಲ. ಆದರೆ ಅದು 1982ರ ಚಿಟ್ ಫಂಡ್ ಕಾನೂನಿನಡಿ ನೋಂದಣಿಯಾಗಿರಬೇಕು; 1969ರಿಂದ ನಡೆಯುತ್ತಿರುವ ರಾಜ್ಯ ಸರಕಾರದ ಚಿಟ್ಟಿ ಸಂಸ್ಥೆ ಕೆಎಸ್‌ಎಫ್‌ಇ ಇರುವಾಗ ಅಂಗಡಿಯ ಹಿಂದಿನ ನೋಟ್‌ಬುಕ್ಕಿನಲ್ಲಿ ನಡೆಯುವ ಚಿಟ್ಟಿಗೆ ಹಣ ಹಾಕಬಾರದು. ಮೊದಲ ತಿಂಗಳುಗಳಲ್ಲಿಯೇ ಹೆಚ್ಚು ಬಿಟ್ಟುಕೊಟ್ಟು ಚಿಟ್ಟಿ ಎತ್ತುವವನು ವಾಸ್ತವದಲ್ಲಿ ಸಾಲ ಮಾಡುತ್ತಿದ್ದಾನೆ, ಉಳಿತಾಯವನ್ನಲ್ಲ. ಬ್ಯಾಂಕಿನಲ್ಲಿ ಒಬ್ಬರ 5 ಲಕ್ಷ ರೂಪಾಯಿಯವರೆಗಿನ ಠೇವಣಿಗೆ 2020ರಿಂದ ವಿಮೆ ಇದೆ. ಊರಿನ ಸೇವಾ ಸಹಕಾರಿ ಸಂಘಗಳು ಬ್ಯಾಂಕೆಂಬ ಹೆಸರಿನಲ್ಲಿ ನಡೆದರೂ ಆ ವಿಮೆಯೊಳಗೆ ಬರುವುದಿಲ್ಲ, ಅವುಗಳದ್ದು ರಾಜ್ಯದ ಬೇರೆಯೇ ಖಾತರಿ ಯೋಜನೆ. ನಿವೃತ್ತಿಯ ಹಣವನ್ನು ಇಡುವವರು ಈ ವ್ಯತ್ಯಾಸವನ್ನು ಕೇಳಿ ತಿಳಿದುಕೊಳ್ಳಬೇಕು. ವ್ಯಾಪಾರದಲ್ಲಿ ಪಾಲು ಕೊಡುತ್ತೇವೆ, ತಿಂಗಳಿಗೆ ಇಷ್ಟು ಲಾಭ ಖಂಡಿತ ಎಂದು ಹೇಳಿ ಪಡೆದ ಹಣ ಮುಳುಗಿ, ಮಗಳ ಮದುವೆಗೆಂದು ಕೂಡಿಟ್ಟದ್ದನ್ನು ಕಳೆದುಕೊಂಡ ಮನೆಗಳು ನಮ್ಮ ಜಿಲ್ಲೆಯಲ್ಲಿವೆ.

ಚಿನ್ನದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಆಭರಣವನ್ನು ಉಳಿತಾಯವೆಂದು ಕೊಳ್ಳುವವರು ಶೇ. 3 ಜಿಎಸ್‌ಟಿಯೂ ಆಭರಣ ಮಾಡಿದ ಕೂಲಿಯೂ ಮಾರುವಾಗ ಹಿಂದಿರುಗುವುದಿಲ್ಲವೆಂಬುದನ್ನು ಲೆಕ್ಕಕ್ಕೆ ಹಿಡಿಯಲಿ. ಹಾಲ್‌ಮಾರ್ಕಿನ ಆರು ಅಕ್ಷರ-ಅಂಕೆಗಳ ಗುರುತನ್ನು ನೋಡದೆ ಕೊಳ್ಳದಿರಲಿ. ಮದುವೆ, ಮುಂಜಿ, ಗೃಹಪ್ರವೇಶಗಳ ಖರ್ಚಿನ ಬಗ್ಗೆ ಮಾತ್ರ ಒಂದು ಮಾತು ಹೇಳಬೇಕು. ಮುನ್ನಾದಿನ ರಾತ್ರಿ ನೆರೆಕರೆಯವರೆಲ್ಲ ಸೇರಿ ತರಕಾರಿ ಹೆಚ್ಚಿ, ಬಾಳೆಲೆ ಒರೆಸಿ, ಮರುದಿನ ತಾವೇ ನಿಂತು ಬಡಿಸುತ್ತಿದ್ದ ಕಾಲದಲ್ಲಿ ಒಂದು ಮದುವೆ ಒಂದು ಕುಟುಂಬವನ್ನು ಸಾಲಕ್ಕೆ ತಳ್ಳುತ್ತಿರಲಿಲ್ಲ. ಈಗ ಮೆಹಂದಿಯ ರಾತ್ರಿಗೇ ಬೇರೆ ವೇದಿಕೆ, ಬೇರೆ ಊಟ, ಬೇರೆ ಫೊಟೋ ತಂಡ. ಇದನ್ನು ತಾನಾಗಿ ಬೇಕೆಂದು ಮಾಡುವವರಿಗಿಂತ, ಮಾಡದಿದ್ದರೆ ಜನ ಏನೆಂದಾರು ಎಂದು ಮಾಡುವವರೇ ಹೆಚ್ಚು. ಉಳ್ಳವರು ಮೊದಲು ನಿಲ್ಲಿಸಿದರೆ ಇಲ್ಲದವರಿಗೆ ಧೈರ್ಯ ಬರುತ್ತದೆ. ಊರಿನ ಹಿರಿಯರಲ್ಲಿ ಇದು ನನ್ನ ಕಳಕಳಿಯ ಕೋರಿಕೆ.

ಇದೆಲ್ಲ ಕಾಣಬೇಕಾದರೆ ಮನೆಯಲ್ಲಿ ಲೆಕ್ಕ ಬರೆಯಬೇಕು. ಮೊಬೈಲಿನ ಆ್ಯಪ್ ಬೇಡ. ಒಂದು ನೂರು ಪುಟದ ಪುಸ್ತಕ ಸಾಕು. ಒಂದು ತಿಂಗಳು ಏನನ್ನೂ ಕಡಿಮೆ ಮಾಡದೆ, ಹೋದ ಪ್ರತಿ ರೂಪಾಯಿಯನ್ನು ಬರೆಯುವುದಷ್ಟೇ ಕೆಲಸ. ಯುಪಿಐಯಲ್ಲಿ ಹೋದದ್ದನ್ನು ಬರೆಯಲು ಮರೆಯುವುದು ಸುಲಭ, ಅದನ್ನು ರಾತ್ರಿ ಫೋನು ನೋಡಿ ಸೇರಿಸಬೇಕು. ತಿಂಗಳ ಕೊನೆಗೆ ಅಡುಗೆಯ ಖರ್ಚನ್ನು ಒಂದು ಕಡೆ, ಕಂತು ಮತ್ತು ಬಡ್ಡಿಯನ್ನು ಇನ್ನೊಂದು ಕಡೆ ಕೂಡಿಸಬೇಕು. ಗಂಡ, ಹೆಂಡತಿ, ದುಡಿಯುವ ಮಕ್ಕಳು ಒಟ್ಟಿಗೆ ಕುಳಿತು ಆ ಎರಡು ಮೊತ್ತಗಳನ್ನು ನೋಡಬೇಕು. ಎಷ್ಟೋ ಮನೆಗಳಲ್ಲಿ ಗಂಡ ತೆಗೆದ ಸಾಲ ಹೆಂಡತಿಗೆ ಗೊತ್ತಿಲ್ಲ, ಹೆಂಡತಿಯ ಗುಂಪಿನ ಸಾಲ ಮಗನಿಗೆ ಗೊತ್ತಿಲ್ಲ. ಎಲ್ಲ ಕಂತುಗಳೂ ಒಂದೇ ಪುಟದಲ್ಲಿ ಬಂದಾಗ, ಅತಿ ಹೆಚ್ಚು ಬಡ್ಡಿಯದ್ದನ್ನು ಮೊದಲು ತೀರಿಸಲು ಯಾವುದನ್ನು ಬಿಡಬಹುದೆಂಬುದನ್ನು ಆ ಮನೆಯವರೇ ನಿರ್ಧರಿಸುತ್ತಾರೆ. ಹೊರಗಿನವರ ಉಪದೇಶ ಬೇಕಾಗುವುದಿಲ್ಲ.

ಸಂಪಾದಕರೇ, ತಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಅಡಿಕೆ, ಕರಿಮೆಣಸು, ರಬ್ಬರಿನ ದರವನ್ನು ಪತ್ರಿಕೆಯಲ್ಲಿ ಕೊಡುವಂತೆ, ವಾರಕ್ಕೊಮ್ಮೆ ಕಾಲು ಪುಟವನ್ನು ಗಡಿನಾಡಿನ ಮನೆಗಳ ಲೆಕ್ಕಕ್ಕೆ ಮೀಸಲಿಡಿ. ಅಂಚೆ ಉಳಿತಾಯದ ದರಗಳನ್ನು ಸರಕಾರ ಮೂರು ತಿಂಗಳಿಗೊಮ್ಮೆ ಪ್ರಕಟಿಸುತ್ತದೆ. ಅವು ಕನ್ನಡದಲ್ಲಿ ಬರಲಿ. ಕೇರಳದ ವಿದ್ಯುತ್ ದರದ ಪಟ್ಟಿ, ಮಾವೇಲಿ ಸ್ಟೋರಿನ ಸಬ್ಸಿಡಿ ಸಾಮಾನುಗಳ ಬೆಲೆ, ಯಾವ ಬಣ್ಣದ ರೇಶನ್ ಕಾರ್ಡಿಗೆ ಆ ತಿಂಗಳು ಏನು ಸಿಗುತ್ತದೆ ಎಂಬ ವಿವರ ಬರಲಿ. ಕರ್ನಾಟಕದ ಆವೃತ್ತಿಗಳಲ್ಲಿ ಬರುವ ಇಂತಹ ಮಾಹಿತಿ ನಮಗೆ ಉಪಯೋಗಕ್ಕೆ ಬರುವುದಿಲ್ಲ, ಏಕೆಂದರೆ ಅಲ್ಲಿನ ದರವೂ ಬೇರೆ, ಯೋಜನೆಯೂ ಬೇರೆ. ಎಲ್ಲಕ್ಕಿಂತ ಮೊದಲು, ಸಾಲದ ಮುಖ್ಯ ವಿವರಗಳ ಪತ್ರದ ಒಂದು ಮಾದರಿಯನ್ನು ಪೂರ್ತಿಯಾಗಿ ಕನ್ನಡದಲ್ಲಿ ಅಚ್ಚು ಹಾಕಿ, ಯಾವ ಸಾಲಿನಲ್ಲಿ ಏನಿರಬೇಕೆಂದು ವಿವರಿಸಿ. ಅದನ್ನು ಕತ್ತರಿಸಿ ನಮ್ಮ ಊರಿನ ಕುಟುಂಬಶ್ರೀ ಘಟಕಗಳ ಸಭೆಗಳಲ್ಲಿ ಓದಿ ಹೇಳುವ ಕೆಲಸವನ್ನು ನಾನು ವಹಿಸಿಕೊಳ್ಳುತ್ತೇನೆ. ಬೇರೆ ಪಂಚಾಯತುಗಳಲ್ಲಿ ಈ ಕೆಲಸಕ್ಕೆ ಮುಂದೆ ಬರುವ ನಿವೃತ್ತ ಶಿಕ್ಷಕರು, ಬ್ಯಾಂಕಿನವರು ತಮ್ಮ ಪತ್ರಿಕೆಗೆ ಬರೆದು ತಿಳಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಓರ್ವ ಹಿರಿಯ ಓದುಗಾರ್ತಿ,
ಪೆರ್ಲ, ಕಾಸರಗೋಡು ಜಿಲ್ಲೆ